ಇಂದಿನ ಧಮ್ಮ ಚಿಂತನೆ: ಕತ್ತಲ ಗಾಡಿಯಲ್ಲಿ ನಾಲ್ಕು ಮಕ್ಕಳು

 

ಇವತ್ತಿನ ಚಿಂತನೆ ದಿನಕ್ಕಿಂತ ಉದ್ದ ಇದೆ. ಬೆಳಿಗ್ಗೆ ಕೆಲಸಕ್ಕೆ ಹೊರಟವರು ಸಂಜೆ ಕೂತು ಓದಬಹುದು. ಮನೆಯಲ್ಲಿ ಮಕ್ಕಳಿದ್ದರೆ ಅವರ ಜೊತೆ ಓದಿದರೆ ಇನ್ನೂ ಒಳ್ಳೆಯದು.

ಅಡಿಕೆ ತೋಟದ ಬದಿಯಲ್ಲಿ ಮನೆ ಇರುವವರಿಗೆ ರಾತ್ರಿ ಹಾಳೆ ಬೀಳುವ ಸದ್ದು ಗೊತ್ತು. ಎಲ್ಲ ಸುಮ್ಮನಿರುವಾಗ ಸೋಗೆ ಸಮೇತ ಹಾಳೆ ಕಳಚಿ ದಬ್ಬೆಂದು ಬೀಳುತ್ತದೆ. ದೊಡ್ಡವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಮಗು ಎದ್ದು ಕೂರುತ್ತದೆ. ಅದಕ್ಕೆ ಕೇಳಿಸಿದ್ದು ಹಾಳೆಯಲ್ಲ, ಯಾರೋ ಬೇಲಿ ಹಾರಿ ಒಳಗೆ ಬಂದ ಸದ್ದು. ಆಮೇಲೆ ಗಾಳಿಗೆ ಅಲ್ಲಾಡಿದ ಎಲೆಯೆಲ್ಲ ಅವನ ಹೆಜ್ಜೆ, ನಾಯಿ ಬೊಗಳಿದರೆ ಅವನನ್ನು ಕಂಡೇ ಬೊಗಳಿದ್ದು.

ಜಾತಕ ಕಥೆಗಳಲ್ಲಿ ಇಂಥದೇ ಒಂದು ಕಥೆ ಇದೆ. ದುದ್ದುಭ ಜಾತಕ ಅಂತ ಹೆಸರು. ಬಿಲ್ವದ ಮರದ ಬುಡದಲ್ಲಿ, ಒಂದು ಸಣ್ಣ ತಾಳೆ ಗಿಡದ ಕೆಳಗೆ ಮೊಲ ಮಲಗಿತ್ತು. ಭೂಮಿಯೇ ಕುಸಿದು ಹೋದರೆ ನನ್ನ ಗತಿ ಏನು ಅಂತ ಯೋಚಿಸುತ್ತಿತ್ತು. ಅದೇ ಹೊತ್ತಿಗೆ ಒಂದು ಹಣ್ಣಾದ ಬಿಲ್ವದ ಕಾಯಿ ತಾಳೆ ಗರಿಯ ಮೇಲೆ ಬಿತ್ತು. ಮೊಲ ಹಿಂದೆ ತಿರುಗಿ ನೋಡದೆ ಓಡಿತು. ಅದನ್ನು ಕಂಡು ಇನ್ನೊಂದು ಮೊಲ ಓಡಿತು, ಆಮೇಲೆ ಜಿಂಕೆ, ಹಂದಿ, ಎಮ್ಮೆ, ಹುಲಿ, ಆನೆ. ಕಾಡೆಲ್ಲ ಸಮುದ್ರದ ಕಡೆಗೆ ಓಡತೊಡಗಿತು.

ಈ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ ಮೊಲದ ದಡ್ಡತನಕ್ಕೆ ನಕ್ಕು ಮುಗಿಸಿಬಿಡುತ್ತೇವೆ. ನನಗೆ ಮುಖ್ಯ ಅನ್ನಿಸುವುದು ಆಮೇಲೆ ಸಿಂಹ ಮಾಡಿದ ಕೆಲಸ. ಬೋಧಿಸತ್ವರು ಆ ಜನ್ಮದಲ್ಲಿ ಸಿಂಹವಾಗಿದ್ದರು. ಸಿಂಹ ಅಡ್ಡ ನಿಂತು ಗರ್ಜಿಸಿ ಎಲ್ಲರನ್ನೂ ನಿಲ್ಲಿಸಿತು. ಭೂಮಿ ಕುಸಿಯುವುದನ್ನು ಕಂಡವರು ಯಾರು ಅಂತ ಕೇಳಿತು. ಆನೆ ಹುಲಿಯನ್ನು ತೋರಿಸಿತು, ಹುಲಿ ಇನ್ನೊಬ್ಬರನ್ನು ತೋರಿಸಿತು. ಹೀಗೆ ಕೇಳುತ್ತಾ ಕೇಳುತ್ತಾ ಮೊದಲ ಮೊಲದ ತನಕ ಬಂದಿತು. ಬಂದ ಮೇಲೆ ಅದನ್ನು ಬೈಯಲಿಲ್ಲ, ನಿನಗೆ ಭ್ರಮೆ ಅಂತಲೂ ಹೇಳಲಿಲ್ಲ. ಬೆನ್ನ ಮೇಲೆ ಕೂರಿಸಿಕೊಂಡು ಆ ಮರದ ಹತ್ತಿರ ಕರೆದುಕೊಂಡು ಹೋಯಿತು. ಮೊಲಕ್ಕೆ ಹತ್ತಿರ ಹೋಗುವ ಧೈರ್ಯ ಬರಲಿಲ್ಲ, ದೂರದಿಂದಲೇ ಜಾಗ ತೋರಿಸಿತು. ಸಿಂಹ ತಾನೇ ಹೋಗಿ ನೋಡಿತು. ಗರಿಯ ಮೇಲೆ ಕಾಯಿ ಬಿದ್ದಿತ್ತು.

ಮಕ್ಕಳಿಗಾಗಿ ಬರೆದ ಕಾದಂಬರಿಗಳಲ್ಲಿ ಇಂಥ ಒಂದು ಅಧ್ಯಾಯ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹೆದರಿದ ಹುಡುಗನಿಗೆ ಕತ್ತಲಲ್ಲಿ ಏನೋ ಕಾಣುತ್ತದೆ. ಕೊನೆಗೆ ಯಾರೋ ಲಾಟೀನು ತರುತ್ತಾರೆ. ಕಂಡದ್ದು ಕಂಬಳಿ ಹೊದ್ದ ಅಜ್ಜ, ಅಥವಾ ಗದ್ದೆಯ ಬೆರ್ಚಪ್ಪ. ಎಲ್ಲರೂ ನಗುತ್ತಾರೆ, ಹುಡುಗನೂ ನಗುತ್ತಾನೆ. ಅಂಥ ಪುಸ್ತಕಗಳು ಬೇಕು. ನಮ್ಮ ಸಾಗರದವರೇ ಆದ ನಾ. ಡಿಸೋಜ ಅವರ ಮಕ್ಕಳ ಕಾದಂಬರಿ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಶರಾವತಿ ಮುಳುಗಡೆಯ ನಾಡಿನ ನಮ್ಮ ಎಷ್ಟು ಮನೆಗಳಲ್ಲಿ ಆ ಪುಸ್ತಕ ಇದೆ? ಇದು ಪಕ್ಕದ ಮಾತು, ಇರಲಿ.

ಇವತ್ತು ಹೇಳಬೇಕಾದ್ದು ಇನ್ನೊಬ್ಬ ಹುಡುಗನ ಬಗ್ಗೆ. ಅದು ಕಾದಂಬರಿಯಲ್ಲ, ನಡೆದದ್ದು. ಆದರೆ ಅದನ್ನು ಓದುವಾಗ ಮಕ್ಕಳ ಕಾದಂಬರಿಯ ಹಾಗೇ ಇದೆ. ಹೊಸ ಬಟ್ಟೆ, ಮೊದಲ ರೈಲು ಪ್ರಯಾಣ, ಎತ್ತಿನ ಗಾಡಿ, ಕತ್ತಲು, ದೂರದಲ್ಲೊಂದು ದೀಪ.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ನಮ್ಮಲ್ಲಿ ಅನೇಕರು ಓದಿದ್ದೀರಿ. ಅವರ ಪರಿನಿಬ್ಬಾಣದ ಎಷ್ಟೋ ವರ್ಷಗಳ ನಂತರ, 1990ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಅದನ್ನು ಪುಸ್ತಿಕೆಯಾಗಿ ತಂದಿತು. ಅದರ ಮೊದಲ ಭಾಗ 1901ರ ಒಂದು ಪ್ರಯಾಣ. ಆಗ ಅವರಿಗೆ ಒಂಬತ್ತು ಹತ್ತು ವರ್ಷ. ತಾಯಿ ತೀರಿಕೊಂಡಿದ್ದರು. ಮನೆ ಸಾತಾರಾದಲ್ಲಿ. ತಂದೆ ಕೋರೆಗಾಂವ್‌ನಲ್ಲಿ ಕ್ಯಾಷಿಯರ್. ಬರಗಾಲದ ಜನರಿಗೆ ಕೆಲಸ ಕೊಡಲು ಸರ್ಕಾರ ಅಲ್ಲಿ ಕೆರೆ ಕಟ್ಟಿಸುತ್ತಿತ್ತು. (ಇದು ಭೀಮಾ ಕೋರೆಗಾಂವ್ ಅಲ್ಲ, ಅದು ಪುಣೆ ಕಡೆಯದು. ಗ್ರೂಪಿನಲ್ಲಿ ಒಮ್ಮೆ ಈ ಗೊಂದಲ ಆಗಿತ್ತು.) ಬೇಸಿಗೆ ರಜಕ್ಕೆ ಬನ್ನಿ ಅಂತ ತಂದೆ ಕರೆದಿದ್ದರು. ಹೊರಟವರು ನಾಲ್ವರು: ಬಾಲಕ ಭೀಮ, ಅವನ ಅಣ್ಣ, ಅಕ್ಕನ ಇಬ್ಬರು ಗಂಡುಮಕ್ಕಳು. ಹೊಸ ಅಂಗಿ, ಕಸೂತಿ ಟೋಪಿ, ಹೊಸ ಜೋಡು, ರೇಷ್ಮೆ ಅಂಚಿನ ಧೋತ್ರ. ಮೈಮೇಲೆ ಚಿನ್ನ. ಕೈಗೆ ಎರಡೆರಡು ಆಣೆ ಖರ್ಚಿಗೆ ಸಿಕ್ಕಿದ್ದೇ ಮಕ್ಕಳು ಸ್ಟೇಷನ್ನಿನಲ್ಲಿ ತಲೆಗೊಂದು ಬಾಟಲಿ ನಿಂಬೆ ಪಾನಕ ಕೊಂಡು ಕುಡಿದರು. ಎಷ್ಟು ಸಂತೋಷ ಇದ್ದಿರಬೇಕು!

ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ ಸಂಜೆ ಸುಮಾರು ಐದು ಗಂಟೆ. ಇಳಿದವರೆಲ್ಲ ಹೋದರು. ಕರೆದೊಯ್ಯಲು ಯಾರೂ ಬರಲಿಲ್ಲ. ನಮ್ಮ ತಾಳಗುಪ್ಪ ಹಳಿ ಮುಗಿಯುವ ಸ್ಟೇಷನ್. ಮೀಟರ್ ಗೇಜಿನಲ್ಲಿ ರೈಲ್‌ಬಸ್ ಓಡುತ್ತಿದ್ದ ಕಾಲದಲ್ಲೂ ಅಷ್ಟೆ, ಈಗ ಬ್ರಾಡ್ ಗೇಜ್ ಬಂದ ಮೇಲೂ ಅಷ್ಟೆ, ಗಾಡಿ ಬಂದು ಜನ ಚದುರಿದ ಮೇಲೆ ಪ್ಲಾಟ್‌ಫಾರಂ ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಅಂಥ ಖಾಲಿ ಪ್ಲಾಟ್‌ಫಾರಂ ಮೇಲೆ ಆ ನಾಲ್ಕು ಮಕ್ಕಳನ್ನು ನಿಲ್ಲಿಸಿಕೊಂಡು ಮುಂದೆ ಓದಿ.

ಸ್ಟೇಷನ್ ಮಾಸ್ತರ ಬಂದು ವಿಚಾರಿಸಿದ. ಬಟ್ಟೆಬರೆ ನೋಡಿ ಅವನು ಬ್ರಾಹ್ಮಣರ ಮಕ್ಕಳು ಅಂದುಕೊಂಡಿದ್ದ. ಮಕ್ಕಳ ಕಷ್ಟ ಕೇಳಿ ಮರುಗಿದ್ದ ಕೂಡ. ನೀವು ಯಾರು ಅಂತ ಕೇಳಿದಾಗ ಬಾಲಕ ಭೀಮ ಹಿಂದೆ ಮುಂದೆ ಯೋಚಿಸದೆ ಮಹಾರರು ಅಂದುಬಿಟ್ಟ. ಆ ಮನುಷ್ಯನ ಮುಖವೇ ಬದಲಾಯಿತು. ತಿರುಗಿ ತನ್ನ ಕೋಣೆಗೆ ಹೋದ. ಆಮೇಲೆ ಗಾಡಿಯವರು. ಬಾಡಿಗೆಗೆ ಗಾಡಿಗಳು ಬೇಕಾದಷ್ಟು ಇದ್ದವು, ಆದರೆ ಯಾರೂ ಈ ಮಕ್ಕಳನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಸ್ಟೇಷನ್ ಮಾಸ್ತರನೇ ಒಂದು ದಾರಿ ಹುಡುಕಿದ: ಮಕ್ಕಳು ಎರಡು ಪಾಲು ಬಾಡಿಗೆ ಕೊಡಬೇಕು, ಗಾಡಿ ತಾವೇ ಹೊಡೆದುಕೊಳ್ಳಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಅದಕ್ಕೆ ಒಬ್ಬ ಒಪ್ಪಿದ. ಮೂರು ಗಂಟೆಯ ದಾರಿ ಅಂತ ಹೇಳಿದ್ದರು.

ಸ್ವಲ್ಪ ದೂರದಲ್ಲಿ ಒಂದು ನದಿ. ಗಾಡಿಯವನು ಇಲ್ಲೇ ಊಟ ಮಾಡಿಕೊಳ್ಳಿ, ಮುಂದೆ ನೀರು ಸಿಗುವುದಿಲ್ಲ ಅಂದು ತಾನು ಹಳ್ಳಿಗೆ ಉಣ್ಣಲು ಹೋದ. ಅಲ್ಲಿದ್ದ ನೀರು ಕೆಸರು, ದನ ಎಮ್ಮೆಗಳ ಸೆಗಣಿ ಗಂಜಳ ಬೆರೆತದ್ದು. ಕುಡಿಯಲಾಗಲಿಲ್ಲ. ಬುತ್ತಿ ಕಟ್ಟಿಟ್ಟರು. ಮತ್ತೆ ಹೊರಟ ಸ್ವಲ್ಪ ಹೊತ್ತಿಗೆ ಆ ಗಾಡಿಯವನು ಹಾರಿ ಗಾಡಿಯೊಳಗೆ ಮಕ್ಕಳ ಪಕ್ಕದಲ್ಲೇ ಕೂತ! ಮೈಲಿಗೆ ಆಗುತ್ತದೆಂದು ಹತ್ತದಿದ್ದವನು ಈಗ ಮಗ್ಗುಲಲ್ಲಿ. ಮಕ್ಕಳಿಗೆ ಆಶ್ಚರ್ಯ, ಕೇಳುವ ಧೈರ್ಯವಿಲ್ಲ.

ಕತ್ತಲಾಯಿತು. ದಾರಿಯಲ್ಲಿ ದೀಪವಿಲ್ಲ, ಜನವಿಲ್ಲ, ಒಂದು ದನವೂ ಎದುರು ಬರಲಿಲ್ಲ. ಮೂರು ಗಂಟೆ ಕಳೆಯಿತು. ಊರಿನ ಸುಳಿವಿಲ್ಲ. ಆಗ ಮಕ್ಕಳಿಗೆ ಒಂದು ಯೋಚನೆ ಬಂತು: ಈ ಮನುಷ್ಯ ನಮ್ಮನ್ನು ಎಲ್ಲೋ ನಿರ್ಜನ ಜಾಗಕ್ಕೆ ಒಯ್ದು ಕೊಲ್ಲುತ್ತಾನೆ. ಮೈಮೇಲೆ ಚಿನ್ನ ಇದೆಯಲ್ಲ, ಅದಕ್ಕೇ. ಆಮೇಲೆ ಎಲ್ಲವೂ ಅದಕ್ಕೆ ಸಾಕ್ಷಿಯಾಗುತ್ತಾ ಹೋಯಿತು. ಎಷ್ಟು ದೂರ ಅಂತ ಕೇಳಿದರೆ ಇಲ್ಲೇ ಬಂತು ಅನ್ನುತ್ತಾನೆ. ಯಾಕೆ ತಡ ಅಂದರೆ ಸರಿಯಾಗಿ ಹೇಳುವುದಿಲ್ಲ. ರಾತ್ರಿ ಹತ್ತಾಯಿತು. ಮಕ್ಕಳು ಅಳುತ್ತಾ ಅವನನ್ನು ಬೈಯತೊಡಗಿದರು. ದೂರದಲ್ಲಿ ಒಂದು ದೀಪ ಕಂಡಿತು, ಸುಂಕದ ಕಟ್ಟೆಯ ದೀಪ. ಅದನ್ನು ಮುಟ್ಟಲು ಇನ್ನೂ ಎರಡು ಗಂಟೆ ಬೇಕಾಯಿತು.

ಗಾಡಿಯವನು ಕೊಲೆಗಾರ ಆಗಿರಲಿಲ್ಲ. ದಾರಿಯೂ ಸರಿಯಾಗಿಯೇ ಇತ್ತು. ಸುಂಕದವನ ಹತ್ತಿರ ನೀರು ಕೇಳಬಹುದೇ ಅಂದಾಗ, ಅವನು ಹಿಂದೂ, ನಿಜ ಹೇಳಿದರೆ ನೀರು ಸಿಗುವುದಿಲ್ಲ, ಮುಸಲ್ಮಾನರು ಅಂತ ಹೇಳಿ ನೋಡಿ ಅಂತ ಉಪಾಯ ಹೇಳಿಕೊಟ್ಟವನು ಇದೇ ಗಾಡಿಯವನು. (ಉಪಾಯ ಫಲಿಸಲಿಲ್ಲ. ಮಕ್ಕಳು ಉಪವಾಸವೇ ಮಲಗಿದರು.)

ಹಾಗಾದರೆ ಮಕ್ಕಳು ಕಂಡದ್ದು ತಪ್ಪು. ಇದನ್ನು ಒಪ್ಪಿಕೊಳ್ಳೋಣ. ನಮ್ಮವರ ನೋವಿನ ಕಥೆ ಎಂಬ ಕಾರಣಕ್ಕೆ ಆ ಗಾಡಿಯವನನ್ನು ನಾವು ಕೊಲೆಗಾರನನ್ನಾಗಿ ಮಾಡಬಾರದು. ಬಾಬಾಸಾಹೇಬರೂ ಮಾಡಿಲ್ಲ. ಅವರು ಅದನ್ನು ಒಂದು ಸಂಶಯ ಎಂದೇ ಬರೆದಿದ್ದಾರೆ. ಆ ಸಂಶಯ ಯಾಕೆ ಬಲವಾಯಿತು ಎಂಬ ಕಾರಣವನ್ನೂ, ಮೈಮೇಲಿನ ಚಿನ್ನವನ್ನು, ತಾವೇ ಹೇಳಿದ್ದಾರೆ. ದೊಡ್ಡವರಾಗಿ ವಕೀಲಿ ಕಲಿತ ಮೇಲೆ ಆ ಮಗುವಿನ ಮನಸ್ಸನ್ನು ಸಾಕ್ಷಿ ಕಟಕಟೆಯಲ್ಲಿ ನಿಲ್ಲಿಸಿ ಕಂಡದ್ದು ಬೇರೆ, ಊಹಿಸಿದ್ದು ಬೇರೆ ಎಂದು ಬಿಡಿಸಿಟ್ಟ ಹಾಗಿದೆ.

ಈಗ ಧಮ್ಮ ಏನು ಹೇಳುತ್ತದೆ ನೋಡೋಣ. ಸಂಜ್ಞೆ, ಪಾಳಿಯಲ್ಲಿ ಸಞ್ಞಾ, ಅಂದರೆ ಇದು ಇಂಥದು ಅಂತ ಮನಸ್ಸು ಗುರುತು ಹಾಕುವುದು. ಆಚಾರ್ಯ ಬುದ್ಧಘೋಷರು ‘ವಿಸುದ್ಧಿಮಗ್ಗ’ದಲ್ಲಿ ಇದಕ್ಕೆ ಕೊಟ್ಟ ಉದಾಹರಣೆ ನಮಗೆ ಚೆನ್ನಾಗಿ ಅರ್ಥವಾಗುವಂಥದು: ಹುಲ್ಲಿನ ಬೊಂಬೆಯನ್ನು ಕಂಡು ಮನುಷ್ಯ ಎಂದುಕೊಳ್ಳುವ ಜಿಂಕೆ ಮರಿ. ಅದೇ ನಮ್ಮ ಬೆರ್ಚಪ್ಪ. ಕಣ್ಣಿಗೆ ಬಿದ್ದದ್ದಕ್ಕೆ ಮನಸ್ಸು ಗಡಿಬಿಡಿಯಲ್ಲಿ ಹೆಸರು ಕೊಡುತ್ತದೆ. ಅಂಗುತ್ತರ ನಿಕಾಯದಲ್ಲಿ ಭಗವಾನರು ವಿಪಲ್ಲಾಸ, ಅಂದರೆ ತಲೆಕೆಳಗು ಕಾಣುವುದು, ಮೂರು ಮಟ್ಟದಲ್ಲಿ ಆಗುತ್ತದೆ ಎನ್ನುತ್ತಾರೆ. ಸಂಜ್ಞೆಯಲ್ಲಿ, ಚಿತ್ತದಲ್ಲಿ, ದೃಷ್ಟಿಯಲ್ಲಿ. ಭಗವಾನರು ಅಲ್ಲಿ ಹೇಳುವುದು ಅನಿತ್ಯವನ್ನು ನಿತ್ಯ ಎಂದು, ದುಃಖವನ್ನು ಸುಖ ಎಂದು ಕಾಣುವ ವಿಷಯ. ಆದರೂ ಆ ಮೂರು ಮಟ್ಟದ ಅಳತೆಯನ್ನು ಈ ಗಾಡಿಗೂ ಇಟ್ಟು ನೋಡಬಹುದು ಅನ್ನಿಸುತ್ತದೆ.

ಮಕ್ಕಳ ತಪ್ಪು ಮೊದಲ ಮಟ್ಟದ್ದು. ಆ ರಾತ್ರಿಯ ಮಟ್ಟಿಗೆ ಚಿತ್ತಕ್ಕೂ ಏರಿತು, ಅದಕ್ಕೇ ಅತ್ತರು, ಬೈದರು. ಬೆಳಗಾಯಿತು, ಊರು ಸಿಕ್ಕಿತು, ಹೋಯಿತು. ಈಗ ಸ್ಟೇಷನ್ ಮಾಸ್ತರನನ್ನು ನೋಡಿ. ಅವನಿಗೆ ಕತ್ತಲಿರಲಿಲ್ಲ. ಸಂಜೆ ಬೆಳಕಿನಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಾಲ್ಕು ಮಕ್ಕಳನ್ನು ನೋಡುತ್ತಿದ್ದ. ಅವನಿಗೆ ಕರುಣೆಯೂ ಬಂದಿತ್ತು. ಒಂದು ಶಬ್ದ ಕಿವಿಗೆ ಬಿದ್ದ ತಕ್ಷಣ ಅದೇ ಮಕ್ಕಳು ಅವನಿಗೆ ಬೇರೆ ಏನೋ ಆಗಿ ಕಂಡರು. ಮಕ್ಕಳು ಬದಲಾಗಿರಲಿಲ್ಲ, ಅಂಗಿಯ ಒಂದು ಗುಂಡಿಯೂ ಬದಲಾಗಿರಲಿಲ್ಲ. ಇಲ್ಲದ್ದನ್ನು ಕಂಡವನು ಅವನು. ಅವನ ತಪ್ಪು ದೃಷ್ಟಿಯ ಮಟ್ಟದ್ದು, ದಿಟ್ಠಿ ವಿಪಲ್ಲಾಸ. ಅದನ್ನು ಬೆಳಕು ಸರಿ ಮಾಡುವುದಿಲ್ಲ, ಯಾಕೆಂದರೆ ಅದು ಹಗಲಿನಲ್ಲೇ ಹುಟ್ಟಿದ್ದು. ಅದಕ್ಕೆ ಶಾಸ್ತ್ರದ ಬೆಂಬಲವಿದೆ, ಊರಿನ ಒಪ್ಪಿಗೆ ಇದೆ, ಎರಡು ಪಾಲು ಬಾಡಿಗೆಯ ಲಾಭವೂ ಇದೆ. ಗಾಡಿಯವನ ವಿಷಯವಂತೂ ಇನ್ನೂ ಸ್ಪಷ್ಟ. ಊರವರ ಕಣ್ಣಿಗೆ ಬೀಳುವಷ್ಟು ದೂರ ಮೈಲಿಗೆ ಇತ್ತು, ಕಾಲು ನೋಯತೊಡಗಿದಾಗ ಕತ್ತಲಲ್ಲಿ ಹೋಗಿಬಿಟ್ಟಿತು. ತಾನು ಕಂಡದ್ದು ಸುಳ್ಳು ಅಂತ ಅವನ ಕಾಲಿಗಾದರೂ ಗೊತ್ತಿತ್ತು.

ಹೆದರಿದ ಮಗುವಿನ ತಪ್ಪಿಗೆ ನಾವು ನಗುತ್ತೇವೆ. ಹೆದರದ ದೊಡ್ಡವರ ತಪ್ಪಿಗೆ ಸಂಪ್ರದಾಯ ಅಂತ ಹೆಸರಿಡುತ್ತೇವೆ.

ಅಮೆರಿಕದ ಹಾರ್ಪರ್ ಲೀ 1960ರಲ್ಲಿ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ ಪೂರ್ತಿ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಅದರಲ್ಲಿ ಸ್ಕೌಟ್ ಎಂಬ ಹುಡುಗಿ, ಅವಳ ಅಣ್ಣ ಜೆಮ್. ಪಕ್ಕದ ಮನೆಯಿಂದ ಹೊರಗೇ ಬಾರದ ಬೂ ರಾಡ್ಲಿ ಎಂಬ ಮನುಷ್ಯ ಆ ಮಕ್ಕಳ ಕಲ್ಪನೆಯಲ್ಲಿ ರಾಕ್ಷಸ. ಮರದ ಪೊಟರೆಯಲ್ಲಿ ಅವರಿಗಾಗಿ ಸಣ್ಣ ಸಣ್ಣ ಉಡುಗೊರೆ ಇಡುತ್ತಿದ್ದವನು, ಕೊನೆಗೆ ಜೀವ ಉಳಿಸಿದವನು ಅವನೇ. ಮಕ್ಕಳ ತಪ್ಪು ಸರಿಹೋಯಿತು. ಅದೇ ಊರಿನ ಕೋರ್ಟಿನಲ್ಲಿ ಬಿಳಿಯ ಜ್ಯೂರಿಗಳು ಟಾಮ್ ರಾಬಿನ್ಸನ್ ಎಂಬ ಕಪ್ಪು ಮನುಷ್ಯನನ್ನು ನೋಡಿ, ಸಾಕ್ಷಿಯೆಲ್ಲ ಅವನ ಪರವಾಗಿದ್ದರೂ ಅಪರಾಧಿ ಎಂದು ಕಂಡರು. ಆ ತಪ್ಪು ಸರಿಹೋಗಲಿಲ್ಲ, ಅವನು ಸತ್ತ.

ನಮ್ಮಲ್ಲಿ ತತ್ವ ಹೇಳುವವರಿಗೆ ಹಗ್ಗ ಹಾವಿನ ಉದಾಹರಣೆ ಬಹಳ ಇಷ್ಟ. ಕತ್ತಲಲ್ಲಿ ಹಗ್ಗ ಹಾವಾಗಿ ಕಂಡಿತು, ದೀಪ ತಂದರೆ ಹಾವು ಇಲ್ಲ, ಹಾಗೇ ಜಗತ್ತಿನ ದುಃಖ. ಕೇಳಲು ಚೆಂದ. ಆದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ತೋಟದಲ್ಲಿ ಕೆಲಸ ಮಾಡುವವರನ್ನು ಕೇಳಿ ನೋಡಿ. ಹಗ್ಗ ಕಂಡು ಹಾರಿದವನನ್ನು ಇಲ್ಲಿ ಯಾರೂ ದಡ್ಡ ಅನ್ನುವುದಿಲ್ಲ. ಯಾಕೆಂದರೆ ತರಗೆಲೆಯ ಅಡಿಯಲ್ಲಿ ಕೊಳಕುಮಂಡಲ ನಿಜವಾಗಿಯೂ ಇರುತ್ತದೆ. ಈ ಹಗ್ಗ ಹಾವಲ್ಲ ಎಂಬುದು ನಿಜ, ಈ ತೋಟದಲ್ಲಿ ಹಾವೇ ಇಲ್ಲ ಎಂಬುದು ಸುಳ್ಳು. ಎರಡೂ ಬೇರೆ ಬೇರೆ ಮಾತು. ಬಾಲಕ ಭೀಮನ ಗಾಡಿಯವನು ಹಗ್ಗ. ಆದರೆ ಆ ದಾರಿಯಲ್ಲಿ ಹಾವಿರಲಿಲ್ಲವೇ? ಐದು ಗಂಟೆಯಿಂದ ಆ ಮಕ್ಕಳಿಗೆ ಒಬ್ಬೊಬ್ಬರೂ ಏನು ಮಾಡಿದ್ದರು ನೋಡಿ. ಮುಖ ತಿರುಗಿಸಿದ್ದರು, ಗಾಡಿ ಕೊಟ್ಟಿರಲಿಲ್ಲ, ಕುಡಿಯಲು ಸೆಗಣಿ ನೀರು ಬಿಟ್ಟರೆ ಬೇರೆ ಇರಲಿಲ್ಲ. ತನ್ನ ಜೀವಕ್ಕೆ ಇವರ ಹತ್ತಿರ ಬೆಲೆ ಇಲ್ಲ ಎಂದು ಮಗುವಿನ ಮನಸ್ಸು ಲೆಕ್ಕ ಹಾಕಿತು. ಮನುಷ್ಯನನ್ನು ಗುರುತಿಸುವುದರಲ್ಲಿ ತಪ್ಪಿತು, ಪರಿಸ್ಥಿತಿಯನ್ನು ಗುರುತಿಸುವುದರಲ್ಲಿ ತಪ್ಪಲಿಲ್ಲ.

ಈಗ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಬಳಗದ ಒಬ್ಬ ಅಕ್ಕ ಒಂದು ಪ್ರಶ್ನೆ ಕೇಳಿದರು. ಅವರ ಮಗ ಮೂರನೇ ಕ್ಲಾಸು. ಜೊತೆಯ ಹುಡುಗನ ಹುಟ್ಟುಹಬ್ಬಕ್ಕೆ ಹೋಗಿ ಬಂದವನು ರಾತ್ರಿ ಮಲಗುವಾಗ ಹೇಳಿದನಂತೆ, “ಅಮ್ಮ, ಎಲ್ರಿಗೂ ಸ್ಟೀಲ್ ಲೋಟ, ನಂಗೆ ಮಾತ್ರ ಪೇಪರ್ ಲೋಟ ಕೊಟ್ರು.” ಇವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಲೋಟ ಸಾಲದೆ ಕೊಟ್ಟಿರಬಹುದು. ಹಾಗಲ್ಲದೆಯೂ ಇರಬಹುದು. “ನಾನು ಏನ್ ಹೇಳ್ಬೇಕಿತ್ತು ಅಣ್ಣ?” ಅಂದರು.

ಸುಲಭದ ಉತ್ತರ ಎರಡಿವೆ. ಒಂದು, “ಏನಿಲ್ಲ ಮಗಾ, ನಿಂಗೆ ಹಾಗೆ ಅನ್ನಿಸ್ತು ಅಷ್ಟೆ.” ಇನ್ನೊಂದು, “ಅವರ ಬುದ್ಧಿಯೇ ಅಷ್ಟು, ಇನ್ನು ಆ ಮನೆಗೆ ಹೋಗ್ಬೇಡ.” ಎರಡರಲ್ಲೂ ನಾವು ಮರದ ಹತ್ತಿರ ಹೋಗಿ ನೋಡಿಲ್ಲ. ಮೊದಲನೆಯದರಲ್ಲಿ ಮಗುವಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಗುತ್ತದೆ. ಎರಡನೆಯದರಲ್ಲಿ ಎಲ್ಲ ಗಾಡಿಯವರೂ ಕೊಲೆಗಾರರು ಎಂಬ ಪಾಠ ಸಿಗುತ್ತದೆ, ಅದೂ ಅಮ್ಮನ ಬಾಯಿಂದ.

ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಅಂತ ಕೇಳಿದರೆ ನನ್ನ ಅಭಿಪ್ರಾಯ ಮೊದಲನೆಯದು. ಎರಡನೆಯದರಿಂದ ಒಬ್ಬ ಹೆಂಗಸಿನ ಮೇಲೆ ನಾಲ್ಕು ದಿನ ಸುಳ್ಳು ಸಂಶಯ ಬರಬಹುದು. ಅದು ಅನ್ಯಾಯವೇ, ಆದರೆ ಸರಿಪಡಿಸಬಹುದು. ಕಂಡದ್ದನ್ನು ಕಂಡೆ ಎಂದು ಹೇಳಲು ಹೆದರುವ ಮಗುವನ್ನು ಸರಿಪಡಿಸುವುದು ಕಷ್ಟ. ನಮ್ಮ ಅಜ್ಜಂದಿರ ಕಾಲದಲ್ಲಿ ಜಗಲಿಯ ಹೊರಗೆ ನಿಂತು ಬೊಗಸೆಯಲ್ಲಿ ನೀರು ಕುಡಿದವರಿಗೆ ಯಾವ ಸಂಶಯವೂ ಬರಲಿಲ್ಲ, ಅದೇ ಸರಿ ಎಂದೇ ಕಂಡಿತ್ತು. ಬಳಗದಲ್ಲಿ ಕೆಲವರು ಇದನ್ನು ಒಪ್ಪಲಿಕ್ಕಿಲ್ಲ. ಮಕ್ಕಳ ಮನಸ್ಸಿನಲ್ಲಿ ದ್ವೇಷ ಬಿತ್ತಬಾರದು ಎಂಬುದು ಅವರ ಕಾಳಜಿ, ಆ ಕಾಳಜಿ ಸಣ್ಣದಲ್ಲ. ಮೈತ್ರಿ ಇಲ್ಲದ ವಿಚಾರಣೆ ಪೊಲೀಸ್ ವಿಚಾರಣೆಯಾಗುತ್ತದೆ.

ತಪ್ಪು ಕಾಣುವುದು ಯಾವಾಗಲೂ ಹೆದರಿಕೆಯ ಕಡೆಗೇ ಇರುತ್ತದೆ ಅಂತಲೂ ಇಲ್ಲ. ಕವಿ ಸಿದ್ದಲಿಂಗಯ್ಯನವರ ‘ಊರುಕೇರಿ’ ಶುರುವಿನಲ್ಲೇ ಒಂದು ದೃಶ್ಯ ಇದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ, ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗ ಹೊತ್ತು ನಡೆಯುತ್ತಿದ್ದಾರೆ, ಹಿಂದಿನಿಂದ ಒಬ್ಬ ಉಳುತ್ತಿದ್ದಾನೆ. ನೋಡುತ್ತಿದ್ದ ಹುಡುಗನಿಗೆ ಅದು ತಮಾಷೆಯಾಗಿ ಕಂಡಿತು. ನೊಗ ಹೊತ್ತವರಲ್ಲಿ ಒಬ್ಬರು ತನ್ನ ಅಪ್ಪ ಎಂದು ತಿಳಿಯುವ ತನಕ. ಇಲ್ಲಿ ಮಗುವಿಗೆ ಭಯ ಇರಲಿಲ್ಲ, ನಗು ಇತ್ತು, ಆ ನಗುವೇ ತಪ್ಪಾಗಿತ್ತು. ಹೆದರಿಕೆ ಆಯಿತು ಅಂದ ಮಾತ್ರಕ್ಕೆ ಅಪಾಯ ಇದೆ ಎಂದಲ್ಲ, ಹೆದರಿಕೆ ಆಗಲಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಎಂದೂ ಅಲ್ಲ.

ಬಾಬಾಸಾಹೇಬರ ಅದೇ ಪುಸ್ತಕದ ಇನ್ನೊಂದು ಪ್ರಸಂಗ ಇದಕ್ಕೆ ಜೋಡಿ. 1929, ಚಾಳೀಸ್‌ಗಾಂವ್. ಈಗ ಅವರು ಬ್ಯಾರಿಸ್ಟರ್. ಸ್ಟೇಷನ್ನಿನಲ್ಲಿ ಸ್ವಾಗತಕ್ಕೆ ನಮ್ಮವರೇ ಬಂದಿದ್ದಾರೆ. ಒಂದು ಗಂಟೆ ಕಾಯಿಸಿ ಟಾಂಗಾ ತಂದರು. ಇವರಿಗೆ ಯಾವ ಸಂಶಯವೂ ಬರಲಿಲ್ಲ. ಟಾಂಗಾ ಒಂದು ಮೋರಿಯ ಹತ್ತಿರ ಮಗುಚಿ ಇವರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಆಮೇಲೆ ತಿಳಿಯಿತು: ಮಹಾರರನ್ನು ಹತ್ತಿಸಿಕೊಳ್ಳಲು ಟಾಂಗಾದವರು ಒಪ್ಪಿರಲಿಲ್ಲ, ಬಾಬಾಸಾಹೇಬರನ್ನು ನಡೆಸಿಕೊಂಡು ಹೋಗುವುದು ಮರ್ಯಾದೆಯಲ್ಲ ಅಂತ ನಮ್ಮವರು ಟಾಂಗಾ ಮಾತ್ರ ಪಡೆದು, ಎಂದೂ ಕುದುರೆ ಹೊಡೆಯದ ಒಬ್ಬನನ್ನು ಕೂರಿಸಿದ್ದರು. ಹುಡುಗನಾಗಿದ್ದಾಗ ಕೊಲ್ಲುತ್ತಾನೆಂದು ಹೆದರಿದ ಗಾಡಿ ಊರು ಮುಟ್ಟಿಸಿತು. ಪ್ರೀತಿಯಿಂದ ತಂದ ಗಾಡಿ ಕಾಲು ಮುರಿಯಿತು. ಎರಡಕ್ಕೂ ಹಿಂದೆ ಇದ್ದದ್ದು ಅದೇ ಮೈಲಿಗೆ. ಮನುಷ್ಯರ ಮುಖ ನೋಡಿ ಅದನ್ನು ಪತ್ತೆ ಮಾಡಲು ಆಗುವುದಿಲ್ಲ.

ಹಾಗಾದರೆ ಹೆದರಿದ ಮನಸ್ಸು ಏನು ಮಾಡಬೇಕು? ಮಜ್ಝಿಮ ನಿಕಾಯದ ಭಯಭೇರವ ಸುತ್ತದಲ್ಲಿ ಭಗವಾನರು ತಮ್ಮದೇ ಅನುಭವ ಹೇಳುತ್ತಾರೆ. ಜಾಣುಸ್ಸೋಣಿ ಎಂಬ ಬ್ರಾಹ್ಮಣನಿಗೆ ಹೇಳಿದ್ದು. ಇನ್ನೂ ಬೋಧಿ ಸಿಕ್ಕಿರಲಿಲ್ಲ. ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಮಾವಾಸ್ಯೆಯಂಥ ರಾತ್ರಿಗಳಲ್ಲಿ ಬೇಕೆಂದೇ ಜನ ಹೆದರುವ ಜಾಗಗಳಿಗೆ, ವನದ ಚೈತ್ಯ ಮರದ ಚೈತ್ಯಗಳಿಗೆ ಹೋಗಿ ಇರುತ್ತಿದ್ದರು. ನಮ್ಮ ಕಡೆಯ ಚೌಡಿ ಬನ, ಭೂತಪ್ಪನ ಕಟ್ಟೆ ಇದ್ದ ಹಾಗೆ ಅಂದುಕೊಳ್ಳಿ. ಒಂದು ಮೃಗ ಬರುತ್ತಿತ್ತು, ನವಿಲು ಕಡ್ಡಿ ಬೀಳಿಸುತ್ತಿತ್ತು, ಗಾಳಿಗೆ ತರಗೆಲೆ ಸದ್ದಾಗುತ್ತಿತ್ತು. ಅದೋ ಬಂತು ಅದು, ಅಂತ ಮನಸ್ಸಿಗೆ ಅನ್ನಿಸುತ್ತಿತ್ತು. ಸಿದ್ಧಾರ್ಥ ಗೌತಮರಿಗೂ ಅನ್ನಿಸಿತ್ತು, ಬಂಧುಗಳೇ. ಅದನ್ನು ಅವರು ಮುಚ್ಚಿಟ್ಟಿಲ್ಲ. ಅವರು ಮಾಡಿದ್ದು ಇಷ್ಟು: ನಡೆಯುವಾಗ ಭಯ ಬಂದರೆ ಅದು ಇಳಿಯುವ ತನಕ ನಡೆಯುತ್ತಲೇ ಇದ್ದರು, ನಿಂತಿದ್ದರೆ ನಿಂತೇ, ಕೂತಿದ್ದರೆ ಕೂತೇ. ಓಡಲಿಲ್ಲ. ಭಯ ಇಲ್ಲ ಅಂತ ನಟಿಸಲೂ ಇ‌ಲ್ಲ.

ಅದೇ ಸುತ್ತದಲ್ಲಿ ಮುಂದೆ ಒಂದು ಮಾತು ಬರುತ್ತದೆ. ಕೆಲವು ಶ್ರಮಣರು ರಾತ್ರಿ ಇರುವಾಗ ಹಗಲು ಎಂದು ಕಾಣುತ್ತಾರೆ, ಹಗಲಿರುವಾಗ ರಾತ್ರಿ ಎಂದು ಕಾಣುತ್ತಾರೆ, ಅದನ್ನು ನಾನು ಮೋಹ ಎನ್ನುತ್ತೇನೆ. ನಾನಾದರೋ ರಾತ್ರಿಯನ್ನು ರಾತ್ರಿ ಎಂದೇ, ಹಗಲನ್ನು ಹಗಲು ಎಂದೇ ಕಾಣುತ್ತೇನೆ ಎಂಬ ಅರ್ಥದ್ದು. ಭಯದ ಬಗ್ಗೆ ಮಾತಾಡುತ್ತಾ ಈ ಮಾತು ಯಾಕೆ ಬಂತು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಹೆದರಿದ ಮಗುವನ್ನು ಸಮಾಧಾನ ಮಾಡುವ ಅವಸರದಲ್ಲಿ ನಾವು ಹೇಳುವುದೇ ಅದಲ್ಲವೇ, ಇದು ಹಗಲು, ಹೆದರಬೇಡ ಅಂತ. ಮಗು ಕಿಟಕಿಯ ಹೊರಗೆ ನೋಡುತ್ತದೆ, ಕತ್ತಲೆಯೇ ಇರುತ್ತದೆ.

ಆ ಅಕ್ಕನಿಗೆ ನಾನು ಹೇಳಿದ್ದು ಇದನ್ನೇ. ಮಗನ ಹತ್ತಿರ ಕೂತು ನಿಧಾನವಾಗಿ ಕೇಳಿ. ಎಷ್ಟು ಜನ ಇದ್ದರು? ಯಾರಿಗೆ ಯಾವ ಲೋಟ? ನೀನು ಮೊದಲು ಹೋದೆಯಾ, ಕೊನೆಗೆ ಹೋದೆಯಾ? ಬೇರೆ ಯಾರಿಗಾದರೂ ಪೇಪರ್ ಲೋಟ ಇತ್ತಾ? ಉತ್ತರ ಬಾಯಿಗೆ ಹಾಕಬೇಡಿ. ಕಂಡದ್ದು ಯಾವುದು, ಅಂದುಕೊಂಡದ್ದು ಯಾವುದು ಅಂತ ಅವನೇ ಬಿಡಿಸಲಿ. ಆ ಮನೆಯವರು ಮಾತಾಡಬಹುದಾದವರು ಆಗಿದ್ದರೆ ಒಂದು ದಿನ ನೇರವಾಗಿ ಕೇಳಿಬಿಡಿ. ಜಾತಕದ ಸಿಂಹಕ್ಕೆ ಒಂದು ಅನುಕೂಲ ಇತ್ತು, ಕಾಯಿ ಅಲ್ಲೇ ಬಿದ್ದಿತ್ತು. ಪೇಪರ್ ಲೋಟ ಮಾರನೇ ದಿನಕ್ಕೆ ಇರುವುದಿಲ್ಲ. ಎಷ್ಟೋ ಸಲ ನಮಗೆ ಖಚಿತವಾಗಿ ತಿಳಿಯುವುದೇ ಇಲ್ಲ. ಆಗ ತಿಳಿದಿಲ್ಲ ಅಂತಲೇ ಮಗನಿಗೆ ಹೇಳಬಹುದು. ಎಂಟು ವರ್ಷದ ಹುಡುಗ ಅದನ್ನು ತಡೆದುಕೊಳ್ಳುತ್ತಾನೆ. ತಡೆದುಕೊಳ್ಳಲು ಆಗದವರು ಹೆಚ್ಚಾಗಿ ನಾವು.

ಇದರ ಜೊತೆ ಇನ್ನೊಂದು ಸಣ್ಣ ವಿಷಯ. 1956ರ ಅಕ್ಟೋಬರ್ 14ರಂದು ನಾಗ್ಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ನಾವು ಹೇಳುತ್ತೇವೆ, ಚೌಡಿಗೆ ಕೋಳಿ ಕೊಡುವುದನ್ನು ಬಿಟ್ಟಿದ್ದೇವೆ. ಆದರೆ ಮಗು ಊಟ ಮಾಡದಿದ್ದರೆ ಗುಮ್ಮ ಬಂತು ನೋಡು ಅನ್ನುವುದನ್ನು ಬಿಟ್ಟಿಲ್ಲ. ನಾವೇ ಗುಮ್ಮನನ್ನು ತೋರಿಸಿ ಊಟ ಮಾಡಿಸಿದ ಮಗು, ನಾಳೆ ನಿಜವಾಗಿ ಹೆದರಬೇಕಾದ್ದನ್ನು ಕಂಡು ಬಂದು ಹೇಳಿದರೆ ನಮಗೆ ಹೇಗೆ ಗೊತ್ತಾಗಬೇಕು?

ಮತ್ತೆ ಸುಂಕದ ಕಟ್ಟೆಗೆ ಬರೋಣ. ಮಧ್ಯರಾತ್ರಿ, ಗುಡ್ಡದ ಬುಡ. ಬುತ್ತಿ ಇದೆ, ನೀರಿಲ್ಲ. ಇಲ್ಲಿ ಇನ್ನು ಭಯವಿಲ್ಲ, ಸುರಕ್ಷಿತ ಜಾಗಕ್ಕೆ ಬಂದೆವು ಅಂತ ಬಾಲಕ ಭೀಮ ಅಂದ. ಅವನ ಅಣ್ಣನಿಗೆ ಅಷ್ಟು ಧೈರ್ಯ ಇರಲಿಲ್ಲ. ನಾಲ್ವರೂ ಒಟ್ಟಿಗೆ ಮಲಗುವುದು ಬೇಡ, ಇಬ್ಬರು ಮಲಗಲಿ, ಇಬ್ಬರು ಎದ್ದು ಕಾವಲಿರಲಿ ಅಂದ. ಯಾರು ಸರಿ ಅಂತ ಜಗಳ ಆಗಲಿಲ್ಲ. ಹಾಗೇ ಸರದಿಯ ಮೇಲೆ ರಾತ್ರಿ ಕಳೆದರು.

ಬೆಳಗಿನ ಜಾವ ಐದಕ್ಕೆ ಗಾಡಿಯವನು ಬಂದು ಹೊರಡೋಣ ಅಂದ. ಮಕ್ಕಳು ಒಪ್ಪಲಿಲ್ಲ, ಎಂಟು ಗಂಟೆಯ ತನಕ ಇಲ್ಲಿಂದ ಕದಲುವುದಿಲ್ಲ ಅಂದರು. ಅವನು ಏನೂ ಮಾತಾಡಲಿಲ್ಲ. ಎಂಟಕ್ಕೆ, ಬೆಳಕು ಚೆನ್ನಾಗಿ ಹರಿದ ಮೇಲೆ, ಅದೇ ಗಾಡಿ ಹತ್ತಿ ಹೊರಟು ಹನ್ನೊಂದಕ್ಕೆ ಕೋರೆಗಾಂವ್ ಮುಟ್ಟಿದರು. ತಂದೆಗೆ ಆಶ್ಚರ್ಯ. ನೀವು ಬರುವುದು ನನಗೆ ಗೊತ್ತೇ ಇರಲಿಲ್ಲ ಅಂದರು. ಕಾಗದ ಬರೆದಿದ್ದೆವು ಅಂತ ಮಕ್ಕಳು ಪಟ್ಟು ಹಿಡಿದರು. ಕಾಗದ ಬಂದಿತ್ತು, ಆಳು ಅದನ್ನು ಅವರಿಗೆ ಕೊಟ್ಟಿರಲಿಲ್ಲ.